ತಮ್ಮನ ಹಾಡಿಗೆ ನಾನು ಬರೆದ ಕಾಮೆಂಟು

ಆ ಕಾಮೆಂಟು ಬರೆದವಳು ನಾನು, ಲೋಕಿ. ‘ಇದ್ದದ್ದು ಹೇಳುವವನು’ ಎಂಬ ಹೆಸರಿನಲ್ಲಿ ನಿನ್ನ ಹಾಡಿನ ಕೆಳಗೆ ಬರೆದದ್ದು ಯಾವುದೋ ಊರಿನ ಗಂಡಸಲ್ಲ. ತರೀಕೆರೆ ಬಸ್ ಸ್ಟ್ಯಾಂಡಿನ ಹಿಂದೆ ಹೊಲಿಗೆ ಅಂಗಡಿ ಇಟ್ಟುಕೊಂಡಿರುವ ನಿನ್ನ ಅಕ್ಕ. ಎರಡು ವರ್ಷದಿಂದ ಇದನ್ನು ನಿನಗೆ ಹೇಳಬೇಕೆಂದು — ಇಲ್ಲ, ಅದೂ ಸುಳ್ಳು. ಹೇಳದೆಯೇ ಇದ್ದುಬಿಡಬಹುದು ಎಂದುಕೊಂಡಿದ್ದೆ. ಈಗ ಆಗುತ್ತಿಲ್ಲ.

ನಾನು ಏಳನೇ ಕ್ಲಾಸಿನವರೆಗೆ ಓದಿದವಳು. ಎಲ್ಲಿಂದ ಶುರು ಮಾಡಬೇಕೋ ಸರಿಯಾಗಿ ತಿಳಿಯದು. ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ. ಬೇರೆ ಯಾರಾದರೂ ಓದಿದರೆ ಅವರಿಗೂ ನಾನು ಎಂಥವಳು ಎಂದು ತಿಳಿಯಲಿ.

ಅಜ್ಜಂಪುರದ ಮನೆಗೆ ಮಾವ ಆ ಟೀವಿ ಗೇಮು ತಂದಾಗ ನಿನಗೆ ಒಂಬತ್ತು ವರ್ಷ, ನನಗೆ ಹದಿನೈದು. ನಾನು ಶಾಲೆ ಬಿಟ್ಟು ಮೂರು ವರ್ಷವಾಗಿತ್ತು. ಅವ್ವ ಈರುಳ್ಳಿ ಆರಿಸುವ ಕೆಲಸಕ್ಕೆ ಹೋಗುತ್ತಿದ್ದಳು, ನಿನ್ನನ್ನು ನೋಡಿಕೊಳ್ಳಲು ಮನೆಯಲ್ಲಿ ಯಾರಾದರೂ ಇರಬೇಕಿತ್ತು. ಗೇಮಿಗೆ ಒಂದೇ ಹಳದಿ ಕ್ಯಾಸೆಟ್ಟು, ಕೋಟೆ ಹತ್ತುವ ಆಟ. ಹಾಕಿದರೆ ಟೀವಿಯಲ್ಲಿ ಬರೀ ಬೂದು ಬಣ್ಣ. ತೆಗೆದು, ಅದರ ಬಾಯಿಗೆ ನಾನು ಒಂದು ಸಲ ಉದ್ದಕ್ಕೆ ಊದಿ ಹಾಕಿದರೆ ಹಾಡು ಶುರುವಾಗುತ್ತಿತ್ತು. ನೀನು ಊದಿದರೆ ಆಗುತ್ತಿರಲಿಲ್ಲ. ಅಥವಾ ಹಾಗೆಂದು ನೀನು ನಂಬಿದ್ದೆ. ‘ಅಕ್ಕಾ, ಊದು ಬಾ’ ಎಂದು ಬಚ್ಚಲ ಮನೆಯವರೆಗೂ ಓಡಿ ಬರುತ್ತಿದ್ದೆ.

ಊದುವುದು ನನ್ನ ಕೆಲಸ, ಆಡುವುದು ನಿನ್ನ ಕೆಲಸ. ಒಂದು ದಿನವೂ ನಾನು ಆಡಲಿಲ್ಲ. ನೀನು ಕೊಡಲಿಲ್ಲ ಎಂದು ಹೇಳುತ್ತಿಲ್ಲ, ನಾನು ಕೇಳಲಿಲ್ಲ. ಕೇಳದೆ ಇದ್ದದ್ದನ್ನು ಇಷ್ಟು ವರ್ಷ ಒಳಗೇ ಇಟ್ಟುಕೊಂಡಿದ್ದೆನಲ್ಲ — ಅದು ನಿನಗೆ ಹೇಗೆ ಗೊತ್ತಾಗಬೇಕು?

ಆ ಕ್ಯಾಸೆಟ್ಟಿಗೆ ಒಂದು ಊನವಿತ್ತು. ಹಾಡಿನ ಮೂರನೇ ಸಾಲಿಗೆ ಬಂದಾಗ ಒಂದು ಸ್ವರ ನುಂಗಿಬಿಡುತ್ತಿತ್ತು. ಎಡವಿದ ಹಾಗೆ ಒಂದು ಕ್ಷಣ ಮೌನ, ಮತ್ತೆ ಹಾಡು. ಪಕ್ಕದ ಬೀದಿಯ ಮನೆಯಲ್ಲಿ ಅದೇ ಆಟದ ಒಳ್ಳೆಯ ಕ್ಯಾಸೆಟ್ಟು ಕೇಳಿ ಬಂದ ದಿನ ನೀನು ಮುಖ ಸಿಂಡರಿಸಿ, ‘ಅವ್ರದ್ದು ಸರಿ ಇಲ್ಲ ಕಣಕ್ಕ, ನಮ್ದೇ ಸರಿ’ ಎಂದಿದ್ದೆ. ನೆನಪಿದೆಯಾ?

ನನಗೆ ನೆನಪಿತ್ತು. ನೆನಪಿದ್ದೇ ಮಾಡಿದೆ.

ನೀನು ಕಡೂರಿನಲ್ಲಿ ಸುಟ್ಟ ಮೋಟಾರಿಗೆ ತಂತಿ ಸುತ್ತುವ ರಿವೈಂಡಿಂಗ್ ಅಂಗಡಿ ಸೇರಿದ ಮೇಲೆ, ಹಳೆಯ ಕಂಪ್ಯೂಟರ್ ಇಟ್ಟುಕೊಂಡು ಆ ಆಟದ ಹಾಡನ್ನು ರೀಮಿಕ್ಸ್ ಮಾಡಿ ಇಂಟರ್ನೆಟ್ಟಿಗೆ ಹಾಕಿದೆ. ಕೆಳಗೆ ಒಂದೇ ಸಾಲು: ‘ನಮ್ಮ ಮನೆಯಲ್ಲಿ ಕೇಳಿಸುತ್ತಿದ್ದ ಹಾಗೆ.’ ನನಗೆ ನೀನು ಹೇಳಿರಲಿಲ್ಲ. ಬ್ಲೌಸ್ ಕೊಡಲು ಬಂದ ಕಾಲೇಜು ಹುಡುಗಿ ತೋರಿಸಿದಳು. ಅದೇ ವಾರ ಮಾವ ಫೋನು ಮಾಡಿದ. ‘ನೋಡ್ದೇನೇ? ನಾನು ತಂದ್ಕೊಟ್ಟ ಗೇಮು! ಅವ್ನಿಗೆ ಆಗಿಂದ್ಲೂ ತಲೆ ಇತ್ತು ಕಣೇ. ನೀನು ಬಿಡು, ಸೂಜಿಗೆ ದಾರ ಪೋಣಿಸ್ಕಂಡು ಇದ್ದೋಳು’ ಎಂದು ನಕ್ಕ. ನಾನೂ ನಕ್ಕೆ.

ಫೋನಿಟ್ಟು, ಬೇರೆ ಹೆಸರಿನ ಖಾತೆ ಮಾಡಿ, ಹಾಡನ್ನು ನಾಲ್ಕು ಸಲ ಕೇಳಿದೆ. ಎಲ್ಲಿ ಚುಚ್ಚಿದರೆ ನೋಯುತ್ತದೆ ಎಂದು ಹುಡುಕುತ್ತಾ ಕೇಳಿದೆ. ಬರೆದದ್ದು ಒಂದಕ್ಷರ ಮರೆತಿಲ್ಲ:

‘ಇದು ರೀಮಿಕ್ಸ್ ಅಲ್ಲ, ಮಿಕ್ಸಿಗೆ ಹಾಕಿ ರುಬ್ಬಿದ್ದು. ಶುರುವಿಗೇ ಮೈಕಿಗೆ ಗಾಳಿ ಹೊಡೆದಿದೆ, ಅದನ್ನು ತೆಗೆಯಲೂ ಬಂದಿಲ್ಲ. ಡ್ರಮ್ಮಿನ ಹೊಡೆತಕ್ಕೆ ಹಾಡೇ ಸತ್ತಿದೆ. ಮೂರನೇ ಸಾಲಿನಲ್ಲಿ ಸ್ವರ ಬಿಟ್ಟಿದ್ದಾನೆ, ಅಂದರೆ ಮೂಲ ಆಟವನ್ನೇ ಆಡಿಲ್ಲ. ಆಡದವರು ಇಂಥ ಕಸ ಮಾಡಬಾರದು.’

ಆಡದವರು. ಆಡದವಳು ಯಾರು, ಲೋಕಿ?

ಡ್ರಮ್ಮಿನ ಮಾತೊಂದು ನಿಜ. ಅದು ನಿಜಕ್ಕೂ ಜಾಸ್ತಿಯಿತ್ತು, ಎಳೆಯ ಹಾಡು ಅದರಡಿ ಸಿಕ್ಕಿ ಒದ್ದಾಡುತ್ತಿತ್ತು. ಅದನ್ನು ಎದುರಿಗೇ ಹೇಳಬಹುದಿತ್ತು — ಲೋ, ಡ್ರಮ್ಮು ಸ್ವಲ್ಪ ಇಳಿಸೋ. ನೀನು ಇಳಿಸುತ್ತಿದ್ದೆ. ನಾನು ಆ ಒಂದು ನಿಜಕ್ಕೆ ಉಳಿದ ಸುಳ್ಳನ್ನೆಲ್ಲ ಸೇರಿಸಿ ಹೊಲಿದೆ. ಹೊಲಿಗೆ ಬರುತ್ತದಲ್ಲ ನನಗೆ. ಆಮೇಲೆ ಬಂದವರೆಲ್ಲ ನನ್ನ ಮಾತನ್ನೇ ಹಿಡಿದು ನಕ್ಕರು. ಎರಡೇ ದಿನದಲ್ಲಿ ಹೊಗಳಿಕೆಯೆಲ್ಲ ಕೆಳಗೆ ಹೋಗಿ ‘ಕಸ’ ಮೇಲೆ ಬಂತು.

ಇಷ್ಟೇ ಆಗಿದ್ದರೆ ಹೊಟ್ಟೆಕಿಚ್ಚು ಎಂದು ಹೇಳಿ ಮುಗಿಸಬಹುದಿತ್ತು. ಅದಕ್ಕಿಂತ ದೊಡ್ಡದು ಆಮೇಲೆ ಮಾಡಿದ್ದು.

ನಿನ್ನ ರಜೆಯ ದಿನ ನೀನು ಅಂಗಡಿಗೆ ಬಂದೆ. ತಾಮ್ರದ ತಂತಿ ಕುಯ್ದ ಬೆರಳುಗಳಲ್ಲಿ ಫೋನು ಹಿಡಿದು, ನನ್ನ ಕಾಮೆಂಟನ್ನು ನನಗೇ ಓದಿ ಹೇಳಿದೆ. ಗಿರಾಕಿ ಯಾರೂ ಇರಲಿಲ್ಲ. ನಾನು ಬಟ್ಟೆ ಕತ್ತರಿಸುತ್ತಲೇ ಇದ್ದೆ.

‘ಇವ್ನು ಯಾರೋ ಗೊತ್ತಿಲ್ಲ. ಆದ್ರೆ ಕಿವಿ ಇರೋನು ಕಣಕ್ಕ.’

‘ಬಿಡೋ, ಅವ್ರಿವ್ರ ಮಾತು.’

‘ಗಾಳಿ ಹೊಡ್ದೈತೆ ಅಂತಾನೆ. ಅದು ಗಾಳಿ ಅಲ್ಲ, ನೀನು.’

ನನ್ನ ಕತ್ತರಿ ನಿಂತಿತು.

‘ಉಗಾದಿಗೆ ಮುಂಚೆ ಬಂದಿದ್ನಲ್ಲ, ನೀನು ಮಿಷನ್ ಬಿಚ್ಕಂಡು ಧೂಳು ಊದ್ತಿದ್ದೆ. ಫೋನಲ್ಲಿ ಹಿಡ್ಕಂಡೆ. ಹೇಳಿದ್ರೆ ನಕ್ಕು ಕೆಡಿಸ್ತೀಯ ಅಂತ ಹೇಳ್ಲಿಲ್ಲ. ನೀನು ಊದದೆ ಆ ಆಟ ಯಾವತ್ತಾದ್ರೂ ಶುರುವಾಗಿತ್ತೇನಕ್ಕ?’

ನೀನು ಸ್ಟೂಲು ಹತ್ತಿರಕ್ಕೆ ಎಳೆದುಕೊಂಡೆ.

‘ಹಾಡು ಕೇಳಿ ನಾಟಕದ ತಂಡದೋರು ಕರ್ದವ್ರೆ. ಮುಂದಿನ ನಾಟಕಕ್ಕೆ ಸಂಗೀತ ಮಾಡ್ಕೊಡು ಅಂತ. ಇದನ್ನ ಓದಿದ್ಮೇಲೆ ಕೈಯೇ ಆಡ್ತಿಲ್ಲ. ಬೇರೆಯವ್ರು ಏನಂದ್ರೂ ಅನ್ಲಿ, ಆ ಹಾಡು ನನ್ ಜೊತೆ ಕೇಳಿರೋಳು ನೀನೊಬ್ಳೇ. ನೀನು ಹೇಳು. ಇವ್ನು ಬರ್ದಿರೋದು ನಿಜಾನಾ?’

ಆಗ ಹೇಳಬಹುದಿತ್ತು. ನಿನ್ನ ಮುಖ ಅಷ್ಟು ಹತ್ತಿರವಿತ್ತು. ನಾನೇ ಬರೆದೆ ಎನ್ನುವುದು ಬೇಡ — ‘ಸುಳ್ಳು ಕಣೋ’ ಎಂದಿದ್ದರೂ ಸಾಕಿತ್ತು. ಹಾಗೆ ಹೇಳಿದರೆ ಎಲ್ಲಿ ಸಿಕ್ಕಿಬೀಳುತ್ತೇನೋ ಎಂಬ ಭಯ. ಆ ಉಸಿರು ನನ್ನದೇ ಎಂದು ತಿಳಿದ ಮೇಲೂ, ನನ್ನನ್ನು ನೀನು ಹಾಡಿನ ಬಾಗಿಲಲ್ಲೇ ಕೂರಿಸಿದ್ದೀಯ ಎಂದು ತಿಳಿದ ಮೇಲೂ, ನನ್ನ ಬಾಯಿಂದ ಬಂದದ್ದು ಇದು:

‘ಅವ್ನು ಹೇಳಿರೋದ್ರಲ್ಲಿ ತಪ್ಪೇನೈತೋ ಲೋಕಿ.’

ನೀನು ಫೋನನ್ನು ಜೇಬಿಗೆ ಹಾಕಿಕೊಂಡೆ. ‘ಹಂಗಾದ್ರೆ ಸರಿ ಬಿಡಕ್ಕ’ ಎಂದು ಎದ್ದೆ. ತರಿಸಿದ ಟೀ ಹಾಗೇ ಕೆನೆಗಟ್ಟಿತ್ತು.

ಆ ಸಂಜೆಯೇ ನೀನು ಹಾಡು ಅಳಿಸಿಬಿಟ್ಟೆ. ನಾಟಕದವರಿಗೆ ಬರುವುದಿಲ್ಲ ಎಂದೆ. ಕಂಪ್ಯೂಟರನ್ನು ಅಂಗಡಿಯ ಬಿಲ್ ಬರೆಯಲು ಕೊಟ್ಟೆ ಎಂದು ನಿನ್ನ ಹೆಂಡತಿ ಹೇಳಿದಳು. ಹಾಡಿನ ಜೊತೆ ಅದರ ಕೆಳಗಿದ್ದ ನನ್ನ ಮಾತೂ ಅಳಿಸಿಹೋಯಿತು. ಈಗ ಯಾವ ಸಾಕ್ಷಿಯೂ ಇಲ್ಲ. ನಾನು ಸುಮ್ಮನಿದ್ದರೆ ಸಾಯುವವರೆಗೂ ಯಾರಿಗೂ ತಿಳಿಯುವುದಿಲ್ಲ. ಎರಡು ವರ್ಷ ಇದೇ ಸಮಾಧಾನ ಮಾಡಿಕೊಂಡಿದ್ದೆ. ಹಬ್ಬಕ್ಕೆ ಬಂದೆ, ಹೋಳಿಗೆ ಬಡಿಸಿದೆ, ನಿನ್ನ ಮಗಳಿಗೆ ಲಂಗ ಹೊಲಿದೆ. ಎಲ್ಲ ಮಾಡಿದೆ.

ಹೋದ ವಾರ ಕಡೂರಿಗೆ ಬಂದಾಗ ನಿನ್ನ ಚಿನ್ನು ತಂತಿ ಉರುಳೆಗಳ ಪೆಟ್ಟಿಗೆ ಕೆದಕಿ ಆ ಹಳದಿ ಕ್ಯಾಸೆಟ್ಟು ತೆಗೆದಳು. ‘ಅಪ್ಪಾ, ಇದೇನು?’ ಎಂದಳು. ನೀನು ತಿರುಗಿಯೂ ನೋಡದೆ, ‘ಕಸ ಕಣಮ್ಮ. ಬಿಸಾಕು’ ಎಂದೆ.

ನನ್ನ ಮಾತು ನಿನ್ನ ಬಾಯಲ್ಲಿತ್ತು, ಲೋಕಿ. ಅದನ್ನು ನೀನು ನಿನ್ನ ಮಗಳಿಗೆ ಕೊಟ್ಟೆ. ಅವಳು ಕ್ಯಾಸೆಟ್ಟನ್ನು ಕಸದ ಬುಟ್ಟಿಗೆ ಹಾಕಿ ಆಡಲು ಹೋದಳು. ನಾನು ಎತ್ತಿ ಚೀಲದಲ್ಲಿ ಹಾಕಿಕೊಂಡು ಬಂದೆ. ಅಂದಿನಿಂದ ಅಳತೆ ತಪ್ಪುತ್ತಿದೆ, ಎರಡು ತೋಳನ್ನು ಒಂದೇ ಕಡೆಗೆ ಹೊಲಿದೆ. ಇದನ್ನು ಕರುಣೆಗೆ ಬರೆಯುತ್ತಿಲ್ಲ — ಎಷ್ಟು ತಡವಾಗಿ ಚುಚ್ಚಿತು ಎಂದು ನಾಚಿಕೆಗೆ ಬರೆಯುತ್ತಿದ್ದೇನೆ.

ಕ್ಷಮಿಸು ಎಂದು ಕೇಳುವುದಿಲ್ಲ. ಮತ್ತೆ ಹಾಡು ಮಾಡು ಎನ್ನಲೂ ನನಗೆ ಬಾಯಿಲ್ಲ. ಶಾಲೆ ಬಿಟ್ಟದ್ದು, ಮಾವ ನಕ್ಕದ್ದು — ಅವು ಯಾವುವೂ ನಿನ್ನ ತಪ್ಪಲ್ಲ. ನನ್ನ ತಪ್ಪಿಗೆ ನೆಪವೂ ಅಲ್ಲ.

ಭಾನುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಕ್ಯಾಸೆಟ್ಟು ತರುತ್ತೇನೆ, ಈ ಹಾಳೆಗಳನ್ನೂ ತರುತ್ತೇನೆ. ನಿನ್ನ ಹೆಂಡತಿಯ ಮುಂದೆ, ಚಿನ್ನುವಿನ ಮುಂದೆ ನಾನೇ ಓದುತ್ತೇನೆ. ನೀನು ಬಾಗಿಲು ಹಾಕಿದರೆ ಹೊರಗೆ ನಿಂತು ಓದುತ್ತೇನೆ, ಬೀದಿಯವರೂ ಕೇಳಿಕೊಳ್ಳಲಿ. ಆ ಉಸಿರು ನನ್ನದು. ಕಸ ಎಂದದ್ದೂ ಅದೇ ಬಾಯಿ.