ಸುಮಿಯೆಯ ಏಳು ದಿನದ ಪಟ್ಟಿ

ಓನೊಮಿಚಿಯ ಮೆಟ್ಟಿಲುಬೀದಿಯ ಬುಡದಲ್ಲಿ ತತಾಮಿ ಚಾಪೆ ಹೊಲಿಯುವ ಯಸುಜಿಗೆ ಸಿಟ್ಟು ಮೂಗಿನ ತುದಿಯಲ್ಲಿ ಅಂದರೆ ಕಡಿಮೆ ಹೇಳಿದ ಹಾಗೆ. ಅದು ಅಲ್ಲಿಂದ ಇಳಿದದ್ದನ್ನು ಕಂಡವರೇ ಇಲ್ಲ. ಆದರೆ ಅವನು ಹೊಲಿದ ಚಾಪೆಯ ಅಂಚಿನಲ್ಲಿ ಒಂದು ಹುಲ್ಲೆಳೆ ಸೊಟ್ಟಗಿದೆ ಅಂತ ಬೆರಳು ತೋರಿಸಿದವರೂ ಇಲ್ಲ. ಮೂವತ್ತೊಂದು ವರ್ಷದಿಂದ ಅವನ ಸಿಟ್ಟು, ಅವನ ಕೈ, ಎರಡನ್ನೂ ಬಲ್ಲವಳು ಹೆಂಡತಿ ಸುಮಿಯೆ ಒಬ್ಬಳೇ.

ಸೆಪ್ಟೆಂಬರಿನ ಒಂದು ಮಧ್ಯಾಹ್ನ ದಪ್ಪ ದಾರದ ಉಂಡೆ ಖಾಲಿಯಾಯಿತು. ಸುಮಿಯೆ ಮೀನು ತರಲು ಹೋಗಿದ್ದಳು. ಇವನೇ ಎದ್ದು ಅವಳ ಹೊಲಿಗೆಪೆಟ್ಟಿಗೆ ತಡಕಿದ. ದಾರ ಸಿಗಲಿಲ್ಲ, ತಳದಲ್ಲಿ ಒಂದು ನೋಟುಪುಸ್ತಕ ಸಿಕ್ಕಿತು.

ಮೊದಲ ಪುಟದಲ್ಲಿ ಸುಮಿಯೆಯ ದುಂಡು ಅಕ್ಷರ. ಅಕ್ಟೋಬರ್, ಶನಿವಾರ: ಹಿಮೆಜಿ, ಕೋಟೆ. ಭಾನುವಾರ, ಸೋಮವಾರ: ಕ್ಯೋಟೋ. ಮಂಗಳವಾರ, ಬುಧವಾರ: ಕನಜಾವಾ. ಗುರುವಾರ: ತಕಯಾಮಾ. ಶುಕ್ರವಾರ: ಮನೆ. ಯಾವ ದೇವಾಲಯ, ಯಾವ ಸಂಗ್ರಹಾಲಯ, ಯಾವ ಬೀದಿ, ಎಲ್ಲಿ ಸೋಬಾ ಶಾವಿಗೆ ಚೆನ್ನಾಗಿರುತ್ತದೆ, ಎಲ್ಲವೂ ಇತ್ತು. ಕೆಳಗೆ ಒಂದು ಗೆರೆ ಎಳೆದು ಬರೆದಿದ್ದಳು: ಇಬ್ಬರು.

ಯಸುಜಿ ಆ ಪದವನ್ನು ಎರಡು ಸಲ ಓದಿದ. ಇಬ್ಬರು ಅಂದರೆ ಯಾರು? ತನ್ನನ್ನಂತೂ ಯಾರೂ ಕೇಳಿಲ್ಲ.

ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ರೈಲಿನ ಹೊತ್ತುಗಳೆಲ್ಲ ಬೇರೆ ಕೈಯಲ್ಲಿದ್ದವು. ಸಣ್ಣ ಪೆನ್ಸಿಲ್, ಬಲಕ್ಕೆ ವಾಲಿದ ಅಂಕಿ, ಮಧ್ಯಾಹ್ನ ಎರಡೂಕಾಲನ್ನು ಹದಿನಾಲ್ಕು ಹದಿನೈದು ಅಂತ ಬರೆಯುವ ರೈಲ್ವೆಯವರ ಚಾಳಿ. ಈ ಬೀದಿಯಲ್ಲಿ ಅಂಥವನು ಒಬ್ಬನೇ: ಮೇಲಿನ ಮನೆಯ ನಗಾವೊ. ಸ್ಟೇಷನ್ ಕೆಲಸದಿಂದ ನಿವೃತ್ತನಾದವನು, ಹೆಂಡತಿ ಸತ್ತು ನಾಲ್ಕು ವರ್ಷವಾದವನು, ಈ ವಯಸ್ಸಿನಲ್ಲೂ ದಿನಾ ಷರಟಿಗೆ ಇಸ್ತ್ರಿ ಹಾಕುವವನು.

ಇಸ್ತ್ರಿ ಯಾರಿಗೋಸ್ಕರ ಅಂತ ಯಸುಜಿ ಈಗ ಯೋಚಿಸಿದ. ಒಂದು ಸಲ ಹುಳ ಹೊಕ್ಕ ಮೇಲೆ ಎಲ್ಲವೂ ಸಾಕ್ಷಿಯೇ. ಸುಮಿಯೆ ಹೊಸ ಷೂ ಕೊಂಡಿದ್ದಳು, ಅದನ್ನು ಹಾಕಿಕೊಂಡು ದಿನಾ ಮೆಟ್ಟಿಲು ಹತ್ತಿ ಇಳಿಯುತ್ತಿದ್ದಳು. ಕಾಲಿಗೆ ಒಗ್ಗಲಿ ಅಂತ, ಅಂದಿದ್ದಳು. ಮೊನ್ನೆ ಸಾರು ಉಪ್ಪುಪ್ಪು ಅಂತ ಇವನು ಬೈದಾಗ ತಿರುಗಿ ಬೈಯಲಿಲ್ಲ, ನಕ್ಕಳು. ಮೂವತ್ತೊಂದು ವರ್ಷ ತಿರುಗಿ ಬೈದವಳು ಸುಮ್ಮನೆ ನಕ್ಕಳೆಂದರೆ ಅವಳ ಮನಸ್ಸು ಆಗಲೇ ಗಂಟುಮೂಟೆ ಕಟ್ಟಿದೆ ಅಂತಲೇ ಅರ್ಥ.

ಪುಸ್ತಕವನ್ನು ಇದ್ದಲ್ಲೇ ಇಟ್ಟ. ಸೂಜಿ ಹಿಡಿದರೆ ಹೊಲಿಗೆ ಸೊಟ್ಟಗಾಯಿತು. ಬಿಚ್ಚಿದ. ಮತ್ತೆ ಸೊಟ್ಟಗಾಯಿತು. ಸೂಜಿ ಎಸೆದು ಮೆಟ್ಟಿಲು ಹತ್ತಿದ.

ನಗಾವೊ ಜಗುಲಿಯಲ್ಲಿ ಬೆಕ್ಕಿಗೆ ಒಣಮೀನು ಹಾಕುತ್ತಿದ್ದ. ಮೊಣಕಾಲ ಮೇಲೆ ಇಟ್ಟಿಗೆಯಷ್ಟು ದಪ್ಪದ ರೈಲು ವೇಳಾಪಟ್ಟಿ.

"ಎಲ್ಲಿಗೆ ಪ್ರಯಾಣ, ನಗಾವೊ-ಸಾನ್?" ಅಂದ ಯಸುಜಿ. ದನಿ ಆಗಲೇ ಏರಿತ್ತು.

"ನಾನೆಲ್ಲಿ ಹೋಗ್ಲಿ ಮಾರಾಯ. ಮಂಡಿನೋವು. ನಾನು ಪುಸ್ತಕದಲ್ಲೇ ತಿರುಗಾಡೋನು."

"ಹಿಮೆಜಿ, ಕ್ಯೋಟೋ, ಕನಜಾವಾ, ತಕಯಾಮಾ. ಈ ಪುಸ್ತಕದಲ್ಲಿ ಇವೇ ಊರು ಇರೋದಾ?"

ನಗಾವೊ ಕನ್ನಡಕ ತೆಗೆದು ಅವನನ್ನು ನೋಡಿದ. "ಓಹೋ. ಪೆಟ್ಟಿಗೆ ತಡಕಿದ್ಯಾ."

"ನನ್ನ ಮನೆ ಪೆಟ್ಟಿಗೆ! ಅದರಲ್ಲಿ ನಿನ್ನ ಅಕ್ಷರಕ್ಕೇನು ಕೆಲಸ? ನನ್ನ ಹೆಂಡತಿ ಯಾವ ರೈಲು ಹತ್ತಬೇಕು ಅನ್ನೋದನ್ನ ನೀನ್ಯಾವನು ಬರೆಯೋಕೆ?"

ಆ ಕೂಗಿಗೆ ಬೆಕ್ಕು ಮೀನು ಬಿಟ್ಟು ಓಡಿತು. ಕೆಳಗಿನ ಎರಡು ಮನೆಗಳ ಕಿಟಕಿ ತೆರೆದವು. ನಗಾವೊ ಮಾತ್ರ ಮೀನನ್ನು ಪೊಟ್ಟಣಕ್ಕೆ ಹಾಕಿ, ಪೊಟ್ಟಣದ ಬಾಯಿ ಮಡಿಸಿದ.

"ಹೇಳಬಾರದು ಅಂದಿದ್ರು. ಆದ್ರೆ ನಿನ್ನ ಕೈಲಿ ಹೊಡೆಸಿಕೊಳ್ಳೋಕೆ ನನಗೆ ಮನಸ್ಸಿಲ್ಲ, ಕೇಳು. ಸೀಟು ಕಾದಿರಿಸೋ ಕಿಟಕಿ ಹೊರಡೋ ದಿನಕ್ಕೆ ಸರಿಯಾಗಿ ಒಂದು ತಿಂಗಳ ಮೊದಲು ಹತ್ತು ಗಂಟೆಗೆ ತೆಗೀತದೆ. ಅಂದ್ರೆ ನಾಳೆ. ನಾನು ಹೋಗಿ ನಿಂತ್ಕೋತೀನಿ, ಅದೇ ನನಗೆ ಹಬ್ಬ. ಎರಡನೇ ಸೀಟು ಯಾರದ್ದು ಅಂತ ಸುಮಿಯೆ-ಸಾನ್ ಇವತ್ತು ರಾತ್ರಿ ಹೇಳ್ತಾರೆ. ಊಟಕ್ಕೆ ಕೂತಾಗ ನಿನ್ನನ್ನ ಕೇಳ್ತಾರಂತೆ. ಕೂಗಾಡದೆ ಹೂಂ ಅಂದ್ರೆ ನೀನು. ಕೂಗಾಡಿದ್ರೆ ನಿನ್ನ ತಂಗಿ ಕಾಯೋಗೆ ಆ ಸೀಟು. ಅವಳು ಆಗಲೇ ಬ್ಯಾಗು ತುಂಬಿ ಕೂತಿದ್ದಾಳೆ. ನಿನ್ನನ್ನ ಬಲ್ಲವಳಲ್ವಾ."

ಯಸುಜಿ ಮೆಟ್ಟಿಲು ಇಳಿದ. ನಂಬಿದನೇ? ಅರ್ಧ. ಷರಟಿಗೆ ಇಸ್ತ್ರಿ ಹಾಕುವವನು ಸುಳ್ಳಿಗೂ ಹಾಕಬಲ್ಲ ಅಂತ ಉಳಿದರ್ಧ ಹೇಳುತ್ತಿತ್ತು.

ಆದರೆ ತನ್ನನ್ನು ಯಾಕೆ ಕೊನೆಗೆ ಕೇಳುತ್ತಾಳೆ ಅನ್ನುವುದು ಅವನಿಗೆ ತಿಳಿಯದ್ದೇನಲ್ಲ. ಮದುವೆಯಾದ ಹೊಸತರಲ್ಲಿ ಇಬ್ಬರೂ ಕ್ಯೋಟೋಗೆ ಹೋಗಿದ್ದರು. ಬುದ್ಧನ ಮುಂದೆ ಎಲ್ಲರೂ ಕೈಮುಗಿದಾಗ ಇವನು ಮಂಡಿಯೂರಿ ಚಾಪೆಯ ಅಂಚು ಎತ್ತಿ, "ಇದನ್ನ ಹೊಲಿದವನ ಕೈ ಮುರೀಬೇಕು" ಅಂದಿದ್ದ. ಅಲ್ಲಿನ ಸನ್ಯಾಸಿಯೊಡನೆ ಜಗಳವಾಗಿ ಇಬ್ಬರನ್ನೂ ಹೊರಗೆ ಕಳಿಸಿದ್ದರು. ಸುಮಿಯೆ ಬಾಗಿಲಲ್ಲಿ ಸೊಂಟ ಬಗ್ಗಿಸಿ ಬಗ್ಗಿಸಿ ಕ್ಷಮೆ ಕೇಳಿದ್ದಳು. ಆಮೇಲೆ ಮೂವತ್ತೊಂದು ವರ್ಷ ಪ್ರವಾಸದ ಮಾತೇ ಬಂದಿರಲಿಲ್ಲ.

ಸಂಜೆ ಊಟಕ್ಕೆ ಕೂತರು. ಸುಟ್ಟ ಮೀನು, ತುರಿದ ಮೂಲಂಗಿ, ಸಾರು. ಯಸುಜಿ ಕಾದ. ಸುಮಿಯೆ ಮೀನಿನ ಬೆಲೆ ಹೇಳಿದಳು, ಬಚ್ಚಲ ನಲ್ಲಿ ಸೋರುವುದನ್ನು ಹೇಳಿದಳು. ಕೇಳಬೇಕಾದ್ದನ್ನು ಕೇಳಲಿಲ್ಲ. ಸಾರು ಮುಗಿಯಿತು, ಚಹಾ ಬಂತು.

ನಗಾವೊ ಸುಳ್ಳು ಹೇಳಿದ, ಅಂದುಕೊಂಡ ಯಸುಜಿ. ಅಥವಾ ತಾನು ಕೂಗಿದ್ದು ಇವಳ ಕಿವಿಗೆ ಬಿದ್ದಿದೆ. ಈ ಬೀದಿಯಲ್ಲಿ ಯಾರ ಕಿವಿಗೆ ಬೀಳುವುದಿಲ್ಲ? ಹಾಗಾದರೆ ಸೀಟು ಆಗಲೇ ತಂಗಿಯದ್ದು. ಸಿಟ್ಟು ಗಂಟಲಿಗೆ ಬಂತು. ಬಿಸಿ ಚಹಾದೊಂದಿಗೆ ನುಂಗಿದ.

"ಮಂಗಳವಾರ ಬಾಗಿಲು ಹಾಕಿರ್ತದೆ," ಅಂದ.

"ಯಾವುದು?"

"ಕನಜಾವಾದಲ್ಲಿ ನೀನು ಬರ್ಕೊಂಡಿರೋ ಕುಶಲಕೆಲಸದ ಸಂಗ್ರಹಾಲಯ. ಎಲ್ಲ ಕಡೆ ಸೋಮವಾರ ರಜ. ಆದ್ರೆ ಆ ಸೋಮವಾರ ಕ್ರೀಡಾದಿನ, ಸರ್ಕಾರಿ ರಜೆ. ಅವತ್ತು ತೆರೆದಿದ್ದು ಮರುದಿನ ಮುಚ್ತಾರೆ. ಅಂಥ ಮಂಗಳವಾರಗಳಲ್ಲೇ ನಾನು ನಮ್ಮೂರ ಸಂಗ್ರಹಾಲಯದ ಚಾಪೆ ಬದಲಾಯಿಸೋದು. ಇಪ್ಪತ್ತು ವರ್ಷದಿಂದ. ರೈಲಿನವನಿಗೆ ಇದು ಹೇಗೆ ಗೊತ್ತಾಗ್ಬೇಕು."

ಸುಮಿಯೆ ಚಹಾಬಟ್ಟಲು ಕೆಳಗಿಟ್ಟಳು. ಪೆಟ್ಟಿಗೆ ಮುಟ್ಟಿದ್ದಕ್ಕೆ ಈಗ ಬೀಳುತ್ತದೆ ಅಂತ ಅವನು ಹೆಗಲು ಕುಗ್ಗಿಸಿದ. ಅವಳು ಎದ್ದು ಹೋಗಿ ಪುಸ್ತಕ ತಂದು, ಮಂಗಳವಾರದ ಸಾಲನ್ನು ಹೊಡೆದು ಬುಧವಾರಕ್ಕೆ ಬರೆದಳು.

"ನೀವು ಮೆಟ್ಟಿಲ ಮೇಲೆ ಕೂಗಿದ್ದು ಮೀನಂಗಡಿಗೆ ಕೇಳಿಸ್ತು," ಅಂದಳು. "ನಿಮ್ಮ ತಂಗೀನೇ ಬರ್ಲಿ ಅಂತ ಅಲ್ಲೇ ತೀರ್ಮಾನ ಮಾಡಿದ್ದೆ."

"ಈಗ?"

"ಚಾಪೆ ಅಂಚು ಎತ್ತಬಾರದು."

"ನೋಡೋದೂ ಬೇಡ್ವಾ?"

"ನೋಡಿ. ಬಾಯಿ ಮುಚ್ಕೊಂಡು ನೋಡಿ."

ಬೆಳಗ್ಗೆ ಒಂಬತ್ತೂವರೆಗೇ ಯಸುಜಿ ಸ್ಟೇಷನ್ನಿನಲ್ಲಿದ್ದ. ಅವನ ಹಿಂದೆ ಸುಮಿಯೆ, ಮುಂದೆ ಇಸ್ತ್ರಿ ಷರಟಿನ ನಗಾವೊ. ಸರಿಯಾಗಿ ಹತ್ತಕ್ಕೆ ನಗಾವೊ ಕಿಟಕಿಗೆ ಬಾಗಿ ಏನೋ ಪಿಸುಗುಟ್ಟಿದ. ಗುಮಾಸ್ತ ನಕ್ಕ. ಟಿಕೆಟ್ ನಗಾವೊನ ಕೈಗೆ ಬಂದ ಕೂಡಲೇ ಯಸುಜಿ ಕಿತ್ತುಕೊಂಡು ಓದಿದ. ಎರಡೂ ಕಿಟಕಿ ಪಕ್ಕದವೇ. ಆದರೆ ಒಂದು ಏಳನೇ ಸಾಲು, ಇನ್ನೊಂದು ಎಂಟನೆಯದು.

"ಇದೇನಿದು? ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ?"

"ನಾನೇ ಹೇಳಿ ತೆಗೆಸಿದ್ದು," ಅಂದಳು ಸುಮಿಯೆ. "ನೀವು ಯಾರ ಜೊತೆಗಾದ್ರೂ ಜಗಳಕ್ಕೆ ನಿಂತ್ರೆ, ನಾನು ಬೇರೆ ಯಾರೋ ಅನ್ನೋ ಹಾಗೆ ಹೊರಗೆ ನೋಡ್ತಾ ಕೂತಿರ್ತೀನಿ. ಹಿಮೆಜಿವರೆಗೆ ಹಾಗೆ. ಸುಮ್ನಿದ್ರೆ ಮುಂದಿನ ರೈಲಲ್ಲಿ ಪಕ್ಕ."

ಯಸುಜಿಯ ಬಾಯಿ ತೆರೆಯಿತು. ಸಾಲಿನಲ್ಲಿದ್ದವರೆಲ್ಲ ನೋಡುತ್ತಿದ್ದರು. ಬಾಯಿ ಮುಚ್ಚಿತು. ಟಿಕೆಟುಗಳನ್ನು ಎದೆಯ ಜೇಬಿಗೆ ಹಾಕಿ ಗುಂಡಿ ತೊಡಿಸಿದ. ಮನೆಯ ದಾರಿಯುದ್ದಕ್ಕೂ ಮುಂದೆ ಮುಂದೆ ನಡೆದ, ನಾಲ್ಕು ಹೆಜ್ಜೆಗೊಮ್ಮೆ ತಿರುಗಿ ನೋಡಿದ. ಅವಳು ನಗುತ್ತಿದ್ದಾಳೋ ಇಲ್ಲವೋ ಅಂತ.