ತೆರೆದಿಡಬೇಕಿದ್ದ ನಲ್ಲಿ

ಕಳೆದ ವಾರ ಕಲ್ಲುಪ್ಪಿನ ಭರಣಿಯ ಮುಚ್ಚಳ ತೆಗೆದರೆ ಉಪ್ಪು ನೀರೊಡೆದಿತ್ತು. ಮೈಸೂರಿನಲ್ಲಿ ನಾಲ್ಕು ದಿನದಿಂದ ಬಿಡದ ಜಿಟಿಜಿಟಿ ಮಳೆ. ಭರಣಿಯ ಬಾಯಿಂದ ತಣ್ಣನೆಯ ಮುಗ್ಗಲು ವಾಸನೆ ಬಂತು. ಚಮಚ ಹಿಡಿದ ಕೈ ಅಲ್ಲೇ ನಿಂತಿತು. ಆ ವಾಸನೆ ಒಮ್ಮೆ ಎರಡು ಮಾಸ್ಕ್ ದಾಟಿ ನನ್ನ ಮೂಗಿಗೆ ಬಂದಿತ್ತು... ಐರ್ಲೆಂಡಿನಲ್ಲಿ, ಡಬ್ಲಿನ್ನಿನ ಟಾಲಾ ಬಡಾವಣೆಯಲ್ಲಿ, ಪಕ್ಕದ ಮನೆಯವರ ಕ್ಯಾರವಾನಿನೊಳಗೆ.

ಕೊರೊನಾದ ಮೊದಲ ವರ್ಷ ಅದು. ಮೂರು ತಿಂಗಳಿಗೆಂದು ಮಗಳ ಮನೆಗೆ ಹೋದವಳು, ವಿಮಾನಗಳು ನಿಂತು ಅಲ್ಲೇ ಉಳಿದಿದ್ದೆ. ನನಗೆ ಎಪ್ಪತ್ತೊಂದು. ಎಪ್ಪತ್ತು ದಾಟಿದವರು ಮನೆಯಿಂದ ಹೊರಬೀಳಬಾರದೆಂದು ಅಲ್ಲಿಯ ಸರ್ಕಾರ ಹೇಳಿತ್ತು. ಅದಕ್ಕೆ ಇಟ್ಟ ಹೆಸರು ಕಕೂನಿಂಗ್. ರೇಷ್ಮೆಹುಳು ಗೂಡು ಕಟ್ಟಿಕೊಂಡು ಕೂತ ಹಾಗೆ. ನಾನು ಹುಟ್ಟಿದ್ದು ರಾಮನಗರದಲ್ಲಿ. ಗೂಡಿನೊಳಗಿನ ಹುಳುವಿಗೆ ಕೊನೆಗೆ ಏನಾಗುತ್ತದೆಂದು ನೋಡಿ ಬೆಳೆದವಳು. ರೇಡಿಯೋದಲ್ಲಿ ಆ ಪದ ಕೇಳಿದಾಗಲೆಲ್ಲ ಎದ್ದು ಹೋಗಿ ಅದನ್ನು ಆರಿಸುತ್ತಿದ್ದೆ.

ಪಕ್ಕದ ಮನೆಯಲ್ಲಿ ಒಬ್ಬರೇ ಇದ್ದ ಹಿರಿಯರೂ ನನ್ನಂತೆ ಗೂಡಿನವರೇ. ಬಸ್ ಓಡಿಸಿ ನಿವೃತ್ತರಾದವರು; ಹೆಂಡತಿ ತೀರಿಕೊಂಡು ಎರಡು ವರ್ಷವಾಗಿತ್ತು. ಮನೆಯ ಮುಂದೆ ಬಿಳಿಯ ಕ್ಯಾರವಾನ್. ಕಾರಿನ ಹಿಂದೆ ಕಟ್ಟಿ ಎಳೆದೊಯ್ಯುವ, ಒಲೆ, ಸಿಂಕು, ಹಾಸಿಗೆ ಎಲ್ಲ ಇರುವ ಪುಟ್ಟ ಮನೆ. ಮಗಳು ಅವರನ್ನು ಕ್ಯಾರವಾನ್ ಅಂಕಲ್ ಎನ್ನುತ್ತಿದ್ದಳು. ನಾನು ಏನೂ ಕರೆಯದೆ ‘ಗುಡ್ ಮಾರ್ನಿಂಗ್’ನಲ್ಲೇ ನಿಭಾಯಿಸುತ್ತಿದ್ದೆ. ಅವರು ನನ್ನನ್ನು ‘ಮಿಸೆಸ್’ ಎನ್ನುತ್ತಿದ್ದರು.

ನಮ್ಮ ನಡುವೆ ಸೊಂಟದೆತ್ತರದ ಗೋಡೆ. ಬೆಳಿಗ್ಗೆ ಹನ್ನೊಂದಕ್ಕೆ ಸರಿಯಾಗಿ ಅವರು ಚಹಾದ ಮಗ್ ಹಿಡಿದು ಆ ಕಡೆ, ನಾನು ಕಾಫಿ ಹಿಡಿದು ಈ ಕಡೆ. ಮಾತೆಲ್ಲ ಇಂಗ್ಲಿಷಿನಲ್ಲಿ, ಅವರ ಉಚ್ಚಾರ ಅರ್ಧ ಅರ್ಥವಾಗಲು ನನಗೆ ಎರಡು ತಿಂಗಳು ಹಿಡಿಯಿತು. ಮಳೆ ಬಂದರೂ ‘ಗ್ರ್ಯಾಂಡ್’, ಬಿಸಿಲಿಗೂ ‘ಗ್ರ್ಯಾಂಡ್’; ಎಲ್ಲ ಸರಿಯಿದೆ ಎಂದು ಅದರ ಅರ್ಥ. ನಾನು ಮೂವತ್ತು ವರ್ಷ ಹುಡುಗಿಯರ ಹಾಸ್ಟೆಲಿನ ವಾರ್ಡನ್ ಆಗಿದ್ದವಳು. ದಿನವೂ ಸಂಜೆ ಸುತ್ತು ಹಾಕಿ ಕಿಟಕಿ, ಬಾಗಿಲು, ನಲ್ಲಿ ಒಂದೊಂದನ್ನೂ ಮುಚ್ಚುವುದು ನನ್ನ ಕೆಲಸ. ತೊಟ್ಟಿಕ್ಕುವ ನಲ್ಲಿಯ ಸದ್ದು ಕೇಳಿ ನಿದ್ದೆಯಿಂದ ಎದ್ದು ಹೋದದ್ದೂ ಉಂಟು. ಇದನ್ನು ಹೇಳಿದಾಗ ಅವರು ಬಹಳ ನಕ್ಕಿದ್ದರು.

ಪ್ರತಿ ಚಳಿಗಾಲ ಅವರು ಕ್ಯಾರವಾನನ್ನು ದೂರದ ಒಬ್ಬ ರೈತರ ಶೆಡ್ಡಿನಲ್ಲಿ ಬಿಟ್ಟು ಬರುತ್ತಿದ್ದರಂತೆ. ಆ ವರ್ಷ ಅಕ್ಟೋಬರ್ ಕೊನೆಗೆ ಐದು ಕಿಲೋಮೀಟರ್ ದಾಟುವಂತಿಲ್ಲ ಎಂದಾಯಿತು. ಹಾಗಾಗಿ ಮನೆಯ ಮುಂದೆಯೇ ಚಳಿಗಾಲಕ್ಕೆ ಅಣಿ ಮಾಡತೊಡಗಿದರು. ನಾನು ಗೋಡೆಯ ಈಚೆಯಿಂದ ನೋಡುತ್ತಿದ್ದೆ. ಎಲ್ಲವೂ ತಿರುಗುಮುರುಗು. ಹ್ಯಾಂಡ್‌ಬ್ರೇಕ್ ಹಾಕಿಟ್ಟರೆ ಅಂಟಿಕೊಳ್ಳುತ್ತದೆ, ಬಿಡಬೇಕು. ಚಕ್ರಕ್ಕೆ ಮರದ ತುಂಡು ಒತ್ತು ಕೊಡಬೇಕು. ಫ್ರಿಜ್ಜಿನ ಬಾಗಿಲು ತೆರೆದಿರಬೇಕು. ಟ್ಯಾಂಕಿನ ನೀರೆಲ್ಲ ಹರಿಯಬಿಟ್ಟು ನಲ್ಲಿಗಳನ್ನೂ ತೆರೆದೇ ಇಡಬೇಕು. ಮುಚ್ಚಿದರೆ ಪೈಪಿನಲ್ಲಿ ನೀರು ಉಳಿದು, ಹೆಪ್ಪುಗಟ್ಟಿ, ಒಡೆಯುತ್ತದೆ. ತೇವ ಹೀರಲು ಬಟ್ಟಲುಗಳಲ್ಲಿ ಉಪ್ಪು.

ನನ್ನ ಹಾಸ್ಟೆಲಿನಲ್ಲಾಗಿದ್ದರೆ ನಿಮ್ಮನ್ನು ಒಂದೇ ವಾರಕ್ಕೆ ಮನೆಗೆ ಕಳಿಸುತ್ತಿದ್ದೆ ಎಂದೆ.

“ನಿಮ್ಮನ್ನ ಇದರ ಹತ್ತಿರ ಬಿಡಬಾರದು, ಮಿಸೆಸ್. ಎಲ್ಲ ಮುಚ್ಚಿ ಹಾಕಿಬಿಡ್ತೀರಿ.”

ಕೆಲಸ ಅರ್ಧಕ್ಕೆ ಬಂದ ದಿನ ಅವರು ಕೆಮ್ಮಿದರು. ಒಮ್ಮೆ, ಆಮೇಲೆ ಬಿಡದೆ. ನಾನು ಎರಡು ಹೆಜ್ಜೆ ಹಿಂದೆ ಸರಿದೆ... ಅವರು ಅದನ್ನು ನೋಡಿದರೆಂದು ನನಗೆ ಗೊತ್ತು. ಮೂರನೆಯ ದಿನ ಆಂಬುಲೆನ್ಸ್ ಬಂತು.

ಆಸ್ಪತ್ರೆಯಿಂದ ಅವರು ಫೋನ್ ಮಾಡಿದ್ದು ಆಮೇಲೆ ಒಂದು ವಾರಕ್ಕೆ. ಹಿಮ ಕಟ್ಟುವ ಮುನ್ಸೂಚನೆ ಇದೆ, ನೀರು ಇನ್ನೂ ಒಳಗಿದೆ, ಉಳಿದ ಕೆಲಸ ಮುಗಿಸಿಕೊಡುತ್ತೀರಾ ಎಂದರು. ಕ್ರಮವೆಲ್ಲ ನಿಮಗೆ ಬಾಯಿಪಾಠವಾಗಿದೆಯಲ್ಲ ಎಂದರು. ಬೇಸಿಗೆಗೆ ಅದರಲ್ಲೇ ಕಡಲತೀರಕ್ಕೆ ಹೋಗಬೇಕು, ಹೆಂಡತಿಗೆ ಮಾತು ಕೊಟ್ಟಿದ್ದೇನೆ ಎಂದಾಗ ಉಸಿರು ತುಂಡಾಗುತ್ತಿತ್ತು. ನಾನು ಒಪ್ಪಿಕೊಂಡೆ.

ಮಗಳು ಸಿಟ್ಟಾದಳು. “ನಿನಗೇನಮ್ಮ, ತಲೆ ಕೆಟ್ಟಿದೆಯಾ? ಅಂಕಲ್ ಅದರೊಳಗೇ ಕೆಮ್ಮಿದಾರೆ. ಇವರು ಮೀಟಿಂಗ್ ಮುಗಿಸಿ ಹೋಗ್ತಾರೆ, ಬಿಡು.”

ಅಳಿಯನಿಗೆ ಯಾವುದು ಮುಚ್ಚಬೇಕು, ಯಾವುದು ತೆರೆಯಬೇಕು ಗೊತ್ತಿಲ್ಲ ಎಂದೆ. ಅವರು ಹೇಳಿದ್ದ ಹೂಕುಂಡದ ಕೆಳಗಿನಿಂದ ತೆಗೆದ ಕೀಲಿಯನ್ನು ಸಾಬೂನು ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಎರಡು ಮಾಸ್ಕ್ ಕಟ್ಟಿಕೊಂಡು ಹೋದೆ.

ಒಳಗೆ ಆ ಮುಗ್ಗಲು ವಾಸನೆ. ಕೊಕ್ಕೆಯಲ್ಲಿ ಅವರ ಉಣ್ಣೆ ಅಂಗಿ. ಅರ್ಧ ಕುಡಿದ ಚಹಾದ ಮಗ್ಗಿನಲ್ಲಿ ಕಂದು ಗೆರೆ ಒಣಗಿತ್ತು. ಅವರ ಕೆಮ್ಮು ಇನ್ನೂ ಆ ಗಾಳಿಯಲ್ಲಿ ನಿಂತಿದೆ ಎನ್ನಿಸಿತು. ಉಸಿರು ಹಿಡಿದುಕೊಂಡೇ ಕೆಲಸ ಮಾಡಿದೆ. ಆಗದಾಗ ಬಾಗಿಲಿಗೆ ಓಡಿ ಉಸಿರು ತೆಗೆದುಕೊಂಡು ಮತ್ತೆ ಒಳಗೆ. ಕಪಾಟಿನ ಬಾಗಿಲಿಗೆ ಅವರ ಕೈಬರಹದ ಪಟ್ಟಿ ಅಂಟಿಸಿತ್ತು. ಅದರಂತೆ ನೀರು ಹರಿಸಿದೆ, ನಲ್ಲಿ ತೆರೆದೆ, ಬಟ್ಟಲುಗಳಿಗೆ ಉಪ್ಪು ಸುರಿದೆ, ಪ್ರತಿ ಸಾಲಿಗೂ ಗುರುತು ಹಾಕಿದೆ. ಬೀಗ ಹಾಕಿ ಮನೆಗೆ ಬಂದು ತಲೆಗೆ ನೀರು ಹಾಕಿಕೊಂಡು, ಹದಿನಾಲ್ಕು ದಿನ ಎಣಿಸಲು ಶುರುಮಾಡಿದೆ.

ಐದನೆಯ ದಿನ ಬೆಳಿಗ್ಗೆ ಹುಲ್ಲೆಲ್ಲ ಹಿಮ ಕಟ್ಟಿ ಬೆಳ್ಳಗಾಗಿತ್ತು. ಹನ್ನೊಂದಕ್ಕೆ ಸರಿಯಾಗಿ ಫೋನ್ ಬಂತು. ಅವರ ದನಿಯ ಹಿಂದೆ ಆಕ್ಸಿಜನ್ನಿನ ಸುಯ್ಯೆನ್ನುವ ಸದ್ದು.

“ನಲ್ಲಿ ತೆರೆದಿದೆಯಾ, ಮಿಸೆಸ್?”

“ತೆರೆದಿದೆ.”

“ಗ್ರ್ಯಾಂಡ್.”

ಅಷ್ಟೇ. ಫೋನ್ ಇಟ್ಟು ಲೋಟ ತೊಳೆದೆ, ಮಗಳ ಅಡುಗೆಮನೆಯ ನಲ್ಲಿ ತಿರುಗಿಸಿ ಮುಚ್ಚಿದೆ. ಕೈಗೆ ನೆನಪಾಯಿತು. ಕ್ಯಾರವಾನಿನಿಂದ ಹೊರಬೀಳುವ ಗಳಿಗೆಯಲ್ಲಿ ಸಿಂಕಿನ ನಲ್ಲಿ ತೊಟ್ಟಿಕ್ಕುತ್ತಿತ್ತು. ಟಪ್... ಟಪ್... ಹೋಗುಹೋಗುತ್ತಲೇ ಅದನ್ನು ಮುಚ್ಚಿದ್ದೆ.

ಮಾಸ್ಕ್ ಇಲ್ಲದೆ ಓಡಿದೆ. ನಲ್ಲಿ ಬಿಗಿಯಾಗಿ ಮುಚ್ಚಿತ್ತು, ನಾನು ಮುಚ್ಚುವ ಹಾಗೆಯೇ. ತೆರೆದೆ. ಹನಿಯೂ ಬರಲಿಲ್ಲ. ಪೈಪು ಬರಿದಾಗಿತ್ತೋ, ಒಳಗೆ ನೀರು ಕಲ್ಲಾಗಿತ್ತೋ ತಿಳಿಯಲಿಲ್ಲ. ಮೂವತ್ತು ವರ್ಷ ನೋಡದೆ ವರದಿ ಕೊಟ್ಟವಳಲ್ಲ ನಾನು. ಮಾರನೆಯ ದಿನ ಹನ್ನೊಂದಕ್ಕೆ ನಿಜ ಹೇಳಿಬಿಡಬೇಕೆಂದು ಕಾದೆ. ಫೋನ್ ಬರಲಿಲ್ಲ. ನಾನೇ ಮಾಡಿದೆ, ರಿಂಗ್ ಆಗಿ ಆಗಿ ನಿಂತಿತು. ಅದರ ಮಾರನೆಯ ದಿನವೂ... ಆ ವಾರ ನಾನು ಕೊರೊನಾಗಿಂತ ಆ ನಲ್ಲಿಗೆ ಹೆಚ್ಚು ಹೆದರಿದ್ದೆ. ಪೈಪು ಒಡೆದಿದ್ದರೆ ಅವರು ಬರುವುದಿಲ್ಲ ಎಂದು ನನ್ನೊಳಗೆ ಯಾವುದೋ ಹೇಳುತ್ತಿತ್ತು.

ಅವರು ಬರಲಿಲ್ಲ. ಶವದ ಕಾರು ಅವರ ಮನೆಯ ಮುಂದೆ ಒಂದು ನಿಮಿಷ ನಿಂತಿತು. ಬೀದಿಯವರೆಲ್ಲ ತಮ್ಮ ತಮ್ಮ ಗೇಟಿನಲ್ಲಿ ದೂರ ದೂರ ನಿಂತಿದ್ದರು. ನಾನು ಗೋಡೆಯ ಪಕ್ಕ, ನನ್ನ ಜಾಗದಲ್ಲೇ ನಿಂತೆ.

ಮರುವರ್ಷ ಮೇ ತಿಂಗಳಲ್ಲಿ ಪ್ರಯಾಣಕ್ಕೆ ಅನುಮತಿ ಸಿಕ್ಕಾಗ ಅವರ ಮಗಳು ಬಂದರು. ಕ್ಯಾರವಾನಿಗೆ ನೀರು ತುಂಬಿಸುತ್ತಿದ್ದರು. ಪಂಪಿನ ಸ್ವಿಚ್ ಒತ್ತುವ ಮುಂಚೆಯೇ ಗೋಡೆಯಾಚೆಗೆ ಎಲ್ಲ ಹೇಳಿಬಿಟ್ಟೆ: ಮುಚ್ಚಿದ್ದು, ನೋಡದೆ ತೆರೆದಿದೆ ಎಂದಿದ್ದು. ಆಕೆ ಒಳಗೆ ಹೋದರು. ಪಂಪು ಗುರ್ರೆಂದಿತು. ನಲ್ಲಿ ನಾಲ್ಕು ಸಲ ಕೆಮ್ಮಿತು. ಆಮೇಲೆ ನೀರು ಬಂದ ಸದ್ದು.

ಆಕೆ ಬಾಗಿಲಿಂದ ತಲೆ ಹೊರಹಾಕಿದರು. ಸಿಂಕಿನ ಕೆಳಗೆ ಸಣ್ಣ ಬಿರುಕು, ಸೋರುತ್ತಿದೆ, ಬಟ್ಟಲು ಇಟ್ಟಿದ್ದೇನೆ ಎಂದರು. ನನ್ನ ಮುಖ ನೋಡಿ ಹತ್ತಿರ ಬಂದರು. “ಅಪ್ಪನೂ ಪ್ರತಿ ವರ್ಷ ಅದನ್ನೇ ಮಾಡ್ತಿದ್ರು, ಮಿಸೆಸ್. ಶೆಡ್ಡಿಗೆ ಒಯ್ಯೋ ಹಿಂದಿನ ರಾತ್ರಿ ಊಟಕ್ಕೆ ಕೂತಾಗ ಅಮ್ಮ ಕೇಳೋರು, ನಲ್ಲಿ ತೆರೆದಿದೆಯಾ ಅಂತ. ಅಪ್ಪ ತೆರೆದಿದೆ ಅನ್ನೋರು. ಆಮೇಲೆ ಮೆಲ್ಲಗೆ ಎದ್ದು ಹೋಗಿ ನೋಡಿ ಬರೋರು.”

ಹಾಗಾದರೆ ಆ ಬೆಳಿಗ್ಗೆ ಅವರು ನನ್ನನ್ನು ಪರೀಕ್ಷಿಸಲಿಲ್ಲ. ಹೆಂಡತಿ ಅವರಿಗಾಗಿ ಮಾಡುತ್ತಿದ್ದ ಕೆಲಸವನ್ನು ಆ ಉಸಿರಿನಲ್ಲೂ ನನಗಾಗಿ ಮಾಡಿದ್ದರು. ನಾನು ಎದ್ದು ಓಡುತ್ತೇನೆಂದೂ ಅವರಿಗೆ ಗೊತ್ತಿತ್ತೇನೋ... ಕೇಳಲು ಅವರಿಲ್ಲ.

ಕಳೆದ ವಾರ, ಮೈಸೂರಿನ ಅಡುಗೆಮನೆಯಲ್ಲಿ, ಆ ಒದ್ದೆ ಉಪ್ಪನ್ನು ಚೆಲ್ಲಿ, ಭರಣಿ ಒರೆಸಿ, ಹೊಸ ಉಪ್ಪು ತುಂಬಿದೆ. ಸಂಜೆ ಎಂದಿನಂತೆ ಮನೆಯ ನಲ್ಲಿಗಳನ್ನೆಲ್ಲ ಮುಚ್ಚುತ್ತಾ ಬಂದೆ. ಸಿಂಕಿನ ಮುಂದೆ ಈಗಲೂ ನನ್ನ ಕೈ ಒಂದು ಗಳಿಗೆ ಹಿಂಜರಿಯುತ್ತದೆ. ಯಾರಾದರೂ ಕೇಳಲಿ ಎಂದು ಕಾಯುತ್ತದೆ. ಯಾರೂ ಕೇಳುವುದಿಲ್ಲ. ಮುಚ್ಚುತ್ತೇನೆ, ಒಳಗೆ ಹೋಗಿ ಕೂರುತ್ತೇನೆ, ಮತ್ತೆ ಎದ್ದು ಬಂದು ನೋಡುತ್ತೇನೆ.