ಕನಕಗಿರಿ ಸಂತೆಯ ಹಲ್ಲಿನ ಸಾಬರು

ಸಾಬರ ಕೆಲಸ ನೋಡಲು ನಾನು ಬಂದಾಗ ಕನಕಗಿರಿಯ ಸಂತೆ ಇನ್ನೂ ನೆರೆದಿಲ್ಲ. ಪೇಟೆ ಮೂಲೆಯ ಕಟ್ಟೆಯ ಮೇಲೆ ಜಿಲಾನಸಾಬರು ಆಗಲೇ ಒಂದು ಗಾಜಿನ ತುಂಡನ್ನು ಒದ್ದೆ ಬಟ್ಟೆಯ ಮೇಲಿಟ್ಟು ತಣಿಸುತ್ತಿದ್ದಾರೆ. ಎದುರಿಗೆ ಕೂತವಳು ಹುಲಿಗವ್ವ, ಸಿದ್ದಾಪುರಕ್ಕೆ ಕೊಟ್ಟ ಹೆಣ್ಣು. ಬಾಯಿ ನಾರುತ್ತದೆಂದು ಗಂಡ ಆಕೆಯನ್ನು ತವರಿಗೆ ತಂದು ಬಿಟ್ಟು ಹೋಗಿದ್ದಾನೆ. ಮಗ್ಗುಲಲ್ಲಿ ತಾಯಿ ಪಕ್ಕೀರವ್ವ.

"ಬಾಯಿ ಮ್ಯಾಲಿನ ಸೆರಗ ತಗಿ ತಂಗಿ. ನಾ ಭಾಳ ಬಾಯಿ ನೋಡೀನಿ, ನಾಚಬ್ಯಾಡ."

ಮುಂದಿನ ಎರಡು ಹಲ್ಲು ಹುಳುಕು. ಒಂದರಲ್ಲಿ ಸಣ್ಣ ತೂತು. ಇನ್ನೊಂದರ ಬುಡದಲ್ಲಿ ಒಸಡು ಊದಿ ಕೀವು ಕಟ್ಟಿದೆ, ತುಟಿಯೂ ಬಾತಿದೆ.

"ಒಂದ ತುಂಬತೀನಿ. ಇನ್ನೊಂದ ಕೀಳಬೇಕು."

"ಎರಡೂ ತುಂಬ್ರಿ ಸಾಬ್ರ," ಪಕ್ಕೀರವ್ವ ಕೈ ಮುಗಿಯುತ್ತಾಳೆ. "ಮುಂದಿನ ಹಲ್ಲ ಹೋದ್ರ ಅವ ಮತ್ತ ಕರಕೊಂಡ ಹೋಗೂದಿಲ್ರಿ."

"ಕೀವಿನ ಮ್ಯಾಲ ಮುಚ್ಚಿದ್ರ ಅದು ಒಳಗ ಹೊಕ್ಕೈತಿ ಯವ್ವಾ. ನನ್ನ ಮನಿಯಾಕಿಗೆ ಹಂಗ ಆತು."

ಜಿಲಾನಸಾಬರು ಮೊದಲು ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದವರು. ಕುಷ್ಟಗಿ ಸಂತೆಗೆ ಬಂದಿದ್ದ ಊರೂರು ತಿರುಗಿ ಹಲ್ಲು ನೋಡುವವನೊಬ್ಬ ಅವರ ಹೆಂಡತಿ ಬಾಷಾಬಿಯ ಕೀವು ತುಂಬಿದ ದವಡೆ ಹಲ್ಲನ್ನು ಅರಗಿನಿಂದ ಮುಚ್ಚಿಬಿಟ್ಟ. ನೋವು ನಿಂತಿತೆಂದು ಆಕೆ ನಗುತ್ತಲೇ ಮನೆಗೆ ಬಂದಳು. ಆಮೇಲೆ ಕುತ್ತಿಗೆ ಬಾತಿತು, ಬಾಯಿ ಕಚ್ಚಿಕೊಂಡಿತು, ಗುಟುಕು ನೀರೂ ಇಳಿಯದಾಯಿತು. ಗಂಗಾವತಿಯ ದವಾಖಾನೆಗೆ ಚಕ್ಕಡಿಯಲ್ಲಿ ಒಯ್ಯುವಾಗ ದಾರಿಯಲ್ಲೇ ಉಸಿರು ಕಟ್ಟಿ ತೀರಿಕೊಂಡಳು.

"ಹಲ್ಲಿನ ಬ್ಯಾನಿಗೆ ಮನಷ್ಯಾ ಸಾಯ್ತಾನಂತ ನನಗ ಗೊತ್ತಿರಲಿಲ್ರಿ. ಹೆಂಗ ಸತ್ಲು ಅಂತ ದೊಡ್ಡ ಡಾಕ್ಟರನ್ನ ಕೇಳಾಕ ಸಿಕಂದರಾಬಾದಿಗೆ ಹೋದ್ನಿ," ಎನ್ನುತ್ತಾರೆ ಸಾಬರು ನನಗೆ.

ಕೇಳಲು ಹೋದವರು ಅಲ್ಲಿಯ ಹಲ್ಲಿನ ಡಾಕ್ಟರರೊಬ್ಬರ ಬಳಿ ಕಸ ಗುಡಿಸುತ್ತ, ಇಕ್ಕಳ ಕುದಿಸುತ್ತ ವರ್ಷಗಟ್ಟಲೆ ಉಳಿದುಬಿಟ್ಟರು. ಡಾಕ್ಟರರೇ ಕೆಲಸ ಕಲಿಸಿ, ತಮ್ಮ ಹಳೆಯ ಯಂತ್ರವನ್ನೂ ಕೊಟ್ಟು ಕಳಿಸಿದರು. ಹೊಲಿಗೆ ಯಂತ್ರದಂತೆ ಕಾಲಿನಿಂದ ತುಳಿದು ಹಲ್ಲು ಕೊರೆಯುವ ಯಂತ್ರ ಅದು.

ರಕ್ತ ತಾಗಿದರೆ ಹಲ್ಲಿಗೆ ತುಂಬುವ ಸಿಮೆಂಟು ಹಿಡಿಯುವುದಿಲ್ಲ. ಆದ್ದರಿಂದ ಮೊದಲು ತುಂಬುವ ಕೆಲಸ. ಯಂತ್ರ ಗುಂಯ್‌ಗುಡುತ್ತದೆ. ಹುಲಿಗವ್ವ ತಾಯಿಯ ಮಣಿಕಟ್ಟು ಹಿಡಿದು ನರಳುತ್ತಾಳೆ, ತಲೆ ಮಾತ್ರ ಅಲ್ಲಾಡಿಸುವುದಿಲ್ಲ. ಹುಳುಕು ತೆಗೆದು ಹತ್ತಿಯಿಂದ ಒಣಗಿಸಿದ ಮೇಲೆ ಸಾಬರು ಆಕೆಯ ಹಲ್ಲಿನ ಬಣ್ಣವನ್ನು ಎಳೆ ಬೆಳಕಿನಲ್ಲಿ ದಿಟ್ಟಿಸುತ್ತಾರೆ. ಅದಕ್ಕೆ ಹೊಂದುವಂತೆ ಬಿಳಿ ಪುಡಿಗೆ ಚೂರು ಹಳದಿ ಪುಡಿ ಬೆರೆಸಿ, ಔಷಧದ ಹನಿ ಬಿಟ್ಟು, ಕೊಂಬಿನ ಕಡ್ಡಿಯಿಂದ ತಣ್ಣನೆಯ ಗಾಜಿನ ಮೇಲೆ ಕಲಸುತ್ತಾರೆ. ಕಬ್ಬಿಣ ತಾಗಿದರೆ ಕಪ್ಪಾಗುತ್ತದಂತೆ.

ತುಂಬಿ, ಗಟ್ಟಿಯಾಗಲು ಬಿಟ್ಟು, ಮೇಣ ಸವರುತ್ತಾರೆ. ತೂತು ಎಲ್ಲಿತ್ತೆಂದು ನನಗಂತೂ ತಿಳಿಯುವುದಿಲ್ಲ. ಹುಲಿಗವ್ವ ಕನ್ನಡಿಯಲ್ಲಿ ಬಹಳ ಹೊತ್ತು ನೋಡಿಕೊಳ್ಳುತ್ತಾಳೆ. ಕನ್ನಡಿ ಕೆಳಗಿಟ್ಟು ತಾನಾಗಿಯೇ ಹೇಳುತ್ತಾಳೆ: "ಇದನ್ನ ಕೀಳ್ರಿ ಇನ್ನ."

ಪಕ್ಕೀರವ್ವ ಮುಖ ತಿರುಗಿಸುತ್ತಾಳೆ. ಹಲ್ಲಿನ ಜೊತೆಗೆ ಕೀವೂ ರಕ್ತವೂ ಹರಿದು ಬೋಗುಣಿಗೆ ಬೀಳುತ್ತವೆ.

ಬಿಸಿಲೇರುವ ಹೊತ್ತಿಗೆ ಕಟ್ಟೆಯ ಕೆಳಗೆ ಜನ ಸೇರಿದ್ದಾರೆ. ಎಲ್ಲರ ಕೆನ್ನೆಗೂ ಬಟ್ಟೆ ಕಟ್ಟಿದೆ, ಎಲ್ಲರದೂ ಕೀಳಿಸುವ ಹಲ್ಲೇ. "ತಡಿಲಾರದಷ್ಟ ಆದ ಮ್ಯಾಲ ಬರ್ತಾರ್ರಿ," ಎನ್ನುತ್ತಾರೆ ಸಾಬರು. "ಯುದ್ಧ ಶುರುವಾದಾಗಿಂದ ವಿಲಾಯ್ತಿಯಿಂದ ಬರೂ ಈ ಪುಡಿನೂ ಸಿಗವಲ್ದು. ಇದ್ದ ಸೀಸೆ ತೀರಿದ್ರ ಇಕ್ಕಳ ಒಂದ ಉಳಿತೈತಿ."

ತಿಂಗಳ ಮೇಲೆ ನಾನು ಮತ್ತೆ ಕನಕಗಿರಿಗೆ ಹೋಗುತ್ತೇನೆ. ನಸುಕಿನಲ್ಲೇ ಹುಲಿಗವ್ವ ಕಟ್ಟೆಯ ಬಳಿ ನಿಂತಿದ್ದಾಳೆ. ಬಾವು ಇಳಿದಿದೆ. ಕೇಳದೆಯೇ ಹೇಳುತ್ತಾಳೆ: "ಅವ ಇನ್ನೊಬ್ಬಾಕಿನ್ನ ಕಟಿಗೊಂಡಾನಂತ್ರಿ. ನಾ ಕೂಲಿಗೆ ಹೊಂಟೀನಿ." ಮಾತಾಡುವಾಗ ಬೋಳು ಜಾಗ ಕಾಣುತ್ತದೆ. ಆಕೆ ಮುಚ್ಚಿಕೊಳ್ಳುವುದಿಲ್ಲ.

ಜೊತೆಗೆ ತಂಗಿ ಉಡಚಮ್ಮನನ್ನು ಕರೆತಂದಿದ್ದಾಳೆ. ಆ ಹುಡುಗಿಯ ಮುಂದಿನ ಹಲ್ಲಿನಲ್ಲಿ ಒಂದು ಕಪ್ಪು ಚುಕ್ಕಿ.

"ನೋವ ಐತೇನವ್ವ?" ಸಾಬರು ಕೇಳುತ್ತಾರೆ.

"ಇಲ್ರಿ. ಅಕ್ಕ ಬಾ ಅಂದ್ಲು, ಬಂದ್ನಿ."

ಜಿಲಾನಸಾಬರು ಅಕ್ಕನ ಮುಖವನ್ನು ಒಮ್ಮೆ ನೋಡುತ್ತಾರೆ. ಸೀಸೆ ತೆಗೆದು, ಉಳಿದ ಪುಡಿಯನ್ನು ತಟ್ಟಿ ತಟ್ಟಿ ಗಾಜಿನ ಮೇಲೆ ಸುರುವುತ್ತಾರೆ. ಮತ್ತೆ ನನ್ನತ್ತ ತಿರುಗುತ್ತಾರೆ.

"ನೋವಿಲ್ದ ಹಲ್ಲ ತೋರ್ಸಾಕ ಬಂದಾಕಿ ಈಕೀನ ಮೊದಲ್ರಿ. ತುಸು ಸರೀರಿ, ಬೆಳಕಿಗೆ ಅಡ್ಡ ನಿಂತೀರಿ."